ಮನೆ ಅಡುಗೆಗೆ ಒಳ್ಳೆ ಚಾಕು ತಗೋಬೇಕು: ಯಾವ ಉಕ್ಕು, ಎಷ್ಟು ಉದ್ದ, ಸಾಣೆ ಹೇಗೆ?

ವಿನೋಬನಗರ_ಅಡುಗೆಮನೆ:

ಎಲ್ಲರಿಗೂ ನಮಸ್ಕಾರ. ನಮ್ಮದು ದಾವಣಗೆರೆ. ಮನೆಯಲ್ಲಿ ಐದು ಜನ, ದಿನಾ ಎರಡು ಹೊತ್ತು ಅಡುಗೆ. ಹೆಚ್ಚೋದು ಬಹುಪಾಲು ತರಕಾರಿನೇ: ಈರುಳ್ಳಿ, ಟೊಮೆಟೊ, ಬೀನ್ಸ್, ಮೆಂತ್ಯ, ಸಬ್ಬಸಿಗೆ, ವಾರಕ್ಕೊಮ್ಮೆ ಎಲೆಕೋಸು ಇಲ್ಲಾ ಸಿಹಿಗುಂಬಳ. ಸಂಜೆ ಮಂಡಕ್ಕಿಗೆ ಈರುಳ್ಳಿ, ಕೊತ್ತಂಬರಿ ಸಣ್ಣಗೆ ಹೆಚ್ಚೋ ಕೆಲಸ ಇದ್ದೇ ಇರುತ್ತೆ. ಕೋಳಿ, ಮಟನ್ ಅಂಗಡಿಯಲ್ಲೇ ತುಂಡು ಮಾಡಿಸಿಕೊಂಡು ಬರ್ತೀವಿ, ಹಾಗಾಗಿ ಮೂಳೆ ಕಡಿಯೋ ಚಾಕು ಬೇಡ.

ಅತ್ತೆಯವರಿಗೆ ಈಳಿಗೆ ಮಣೆಯೇ ಕೈಗೆ ಒಗ್ಗಿದ್ದು. ನಾನು, ಯಜಮಾನರು ಇಬ್ಬರೂ ಕಟ್ಟೆ ಮುಂದೆ ನಿಂತು ಹೆಚ್ಚೋರು. ಯಜಮಾನರದು ಎಡಗೈ. ಈಗಿರೋ ಪ್ಲಾಸ್ಟಿಕ್ ಹಿಡಿ ಚಾಕುಗಳು ಟೊಮೆಟೊ ಸಿಪ್ಪೆ ಮೇಲೆ ಜಾರುತ್ತವೆ, ಕೊತ್ತಂಬರಿ ಕತ್ತರಿಸೋ ಬದಲು ಜಜ್ಜಿ ಕಪ್ಪಗೆ ಮಾಡುತ್ತವೆ.

ಒಟ್ಟು ಮೂರು ಸಾವಿರ ರೂಪಾಯಿ ಇಟ್ಟುಕೊಂಡಿದ್ದೀವಿ. ಆನ್‌ಲೈನಲ್ಲಿ ಆರು ಚಾಕು, ಮರದ ಸ್ಟ್ಯಾಂಡ್ ಸಮೇತ ಸೆಟ್ ಅದೇ ದುಡ್ಡಿಗೆ ಬರುತ್ತೆ. ಅದನ್ನು ತಗೊಳ್ಳೋದಾ, ಒಂದೇ ಒಳ್ಳೆ ಚಾಕು ತಗೊಳ್ಳೋದಾ? ‘ಜರ್ಮನ್ ಸ್ಟೀಲ್’, ‘ಹೈ ಕಾರ್ಬನ್’, ‘ಡಮಾಸ್ಕಸ್’ ಅಂತೆಲ್ಲ ಬರೆದಿರ್ತಾರಲ್ಲ, ಅದರಲ್ಲಿ ಯಾವುದಕ್ಕೆ ಅರ್ಥ ಇದೆ? ಕುಲುಮೆಯಲ್ಲಿ ಮಾಡಿಸಿದ ಚಾಕು ಮನೆಗೆ ಆಗುತ್ತಾ? ಆಮೇಲೆ ಸಾಣೆ. ರಸ್ತೆ ಮೇಲೆ ಬರೋರ ಹತ್ತಿರ ಕೊಡೋದಾ, ನಾವೇ ಮಾಡ್ಕೊಳ್ಳೋದಾ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.


ಅಲಗು_ಹಿಡಿ:

ಸೆಟ್ ಬೇಡ ಮೇಡಂ. ಆರು ಚಾಕು ಇರೋ ಸೆಟ್‌ನಲ್ಲಿ ದಿನಾ ಕೈಗೆ ಬರೋದು ಎರಡೇ. ಉಳಿದ ನಾಲ್ಕಕ್ಕೂ, ಸ್ಟ್ಯಾಂಡಿಗೂ ಕೊಟ್ಟ ದುಡ್ಡು ಆ ಎರಡರ ಉಕ್ಕಿನಿಂದ ಕಳೆದಂತೆ. ಮರದ ಸ್ಟ್ಯಾಂಡಿನ ಸೀಳುಗಳೊಳಗೆ ಒದ್ದೆ ಚಾಕು ಇಟ್ಟರೆ ಅಲ್ಲಿ ತೇವ ಕೂತು ಬೂಸ್ಟೂ ಬರುತ್ತೆ, ತೊಳೆಯೋದಕ್ಕೂ ಆಗಲ್ಲ.

ನಿಮ್ಮ ಮನೆಗೆ ಬೇಕಾದ್ದು ಒಂದು ದೊಡ್ಡದು, ಒಂದು ಚಿಕ್ಕದು. ದೊಡ್ಡದು ಷೆಫ್ ಚಾಕು ಆದರೆ 20 ಸೆಂ.ಮೀ., ಸಂಟೊಕು (ಜಪಾನೀ ಮಾದರಿಯ, ಸ್ವಲ್ಪ ಗಿಡ್ಡ ಅಡುಗೆ ಚಾಕು) ಆದರೆ 17-18 ಸೆಂ.ಮೀ. ಚಿಕ್ಕದು 8-10 ಸೆಂ.ಮೀ. ಮೂರು ಸಾವಿರದಲ್ಲಿ ಸುಮಾರು ಮೂರನೇ ಎರಡು ಭಾಗ ದೊಡ್ಡ ಚಾಕುವಿಗೆ ಇಡಿ. ಉಳಿದದ್ದರಲ್ಲಿ ಚಿಕ್ಕ ಚಾಕು ಮತ್ತೆ ಸಾಣೆಕಲ್ಲು. ಕಲ್ಲಿನ ದುಡ್ಡನ್ನು ಮಾತ್ರ ಯಾವ ಕಾರಣಕ್ಕೂ ಚಾಕುವಿಗೆ ಸೇರಿಸಬೇಡಿ. ಹತ್ತು ಸಾವಿರದ ಚಾಕುವೂ ಕೆಲವು ತಿಂಗಳಲ್ಲಿ ಮೊಂಡಾಗುತ್ತೆ, ಆಗ ಕಲ್ಲು ಇಲ್ಲದ ಮನೆಯಲ್ಲಿ ಅದಕ್ಕೂ ನಿಮ್ಮ ಪ್ಲಾಸ್ಟಿಕ್ ಹಿಡಿ ಚಾಕುವಿಗೂ ವ್ಯತ್ಯಾಸ ಉಳಿಯಲ್ಲ.

ಈಗ ಉಕ್ಕಿನ ವಿಚಾರ. ‘ಹೈ ಕಾರ್ಬನ್ ಸ್ಟೇನ್‌ಲೆಸ್’ ಅನ್ನೋದಕ್ಕೆ ಗಟ್ಟಿ ಅಳತೆ ಯಾವುದೂ ಇಲ್ಲ, ಯಾರು ಬೇಕಾದರೂ ಬರೆದುಕೊಳ್ಳಬಹುದು. ‘ಜರ್ಮನ್ ಸ್ಟೀಲ್’ ಅಂದರೆ ಚಾಕು ಜರ್ಮನಿಯಲ್ಲಿ ತಯಾರಾಗಿದೆ ಅಂತಲೂ ಅಲ್ಲ. ‘ಸೋಲಿಂಗೆನ್’ ಅನ್ನೋ ಹೆಸರಿಗೆ ಮಾತ್ರ ಬೆಲೆ ಇದೆ: ಅದಕ್ಕೆ 1938ರಿಂದ ಜರ್ಮನಿಯಲ್ಲಿ ಕಾನೂನಿನ ರಕ್ಷಣೆ ಇದೆ, ತಯಾರಿಕೆಯ ಮುಖ್ಯ ಹಂತಗಳು ಆ ಊರಿನ ಸೀಮೆಯಲ್ಲೇ ನಡೆದಿರಬೇಕು. ಪೆಟ್ಟಿಗೆ ಮೇಲೆ ನೀವು ಹುಡುಕಬೇಕಾದ್ದು ಎರಡು: ಉಕ್ಕಿನ ಗ್ರೇಡ್ ಮತ್ತು ರಾಕ್‌ವೆಲ್ ಗಡಸುತನದ ಅಂಕಿ. 1.4116 ಅಂತ ಸಂಖ್ಯೆ ಕಂಡರೆ ಅದು ಸುಮಾರು 0.5% ಇಂಗಾಲ, 15% ಹತ್ತಿರ ಕ್ರೋಮಿಯಂ ಇರುವ, ಯುರೋಪಿನ ಬಹಳಷ್ಟು ಅಡುಗೆ ಚಾಕುಗಳಿಗೆ ಬಳಸುವ ಉಕ್ಕು. ಹದ (ಉಕ್ಕನ್ನು ಕಾಸಿ, ಅದ್ದಿ ಗಡಸು ಮಾಡೋ ಕೆಲಸ) ಸರಿಯಾಗಿ ಕೊಟ್ಟಿದ್ದರೆ ಗಡಸುತನ 55ರಿಂದ 58 ಇರುತ್ತೆ. ಜಪಾನಿನ ವಿಜಿ-10 ಉಕ್ಕಿನಲ್ಲಿ ಇಂಗಾಲ ಸುಮಾರು 1%, ಗಡಸುತನ 60ರ ಆಸುಪಾಸು. ಗ್ರೇಡೂ ಇಲ್ಲ, ಅಂಕಿಯೂ ಇಲ್ಲ, ಬರೀ ‘ಪ್ರೀಮಿಯಂ ಸ್ಟೀಲ್’ ಅಂತ ಇದ್ದರೆ ಕಡಿಮೆ ಇಂಗಾಲದ ಮೆತ್ತನೆ ಉಕ್ಕು ಅಂತಲೇ ತಿಳ್ಕೊಂಡು ಮುಂದೆ ಹೋಗಿ.

ಗಡಸು ಜಾಸ್ತಿ ಇದ್ದರೆ ಹರಿತ ಹೆಚ್ಚು ದಿನ ನಿಲ್ಲುತ್ತೆ ಅನ್ನೋದು ನಿಜ. ಆದರೆ 60 ದಾಟಿದ ತೆಳು ಅಲಗನ್ನು ಸಿಹಿಗುಂಬಳದ ಸಿಪ್ಪೆಗೆ ಇಳಿಸಿ ಒಂಚೂರು ತಿರುಚಿದರೆ ಬಾಯಿ ಚಕ್ಕೆ ಹಾರುತ್ತೆ. 56ರದ್ದಾದರೆ ಬಾಯಿ ಮಡಚುತ್ತೆ ಅಷ್ಟೇ, ಮಡಚಿದ್ದನ್ನು ನೆಟ್ಟಗೆ ಮಾಡಬಹುದು. ಮನೆಯಲ್ಲಿ ಮೂರು ಕೈ ಬಳಸೋ ಚಾಕು 55-58ರೊಳಗೆ ಇರೋದೇ ವಾಸಿ ಅಂತ ನನ್ನ ಅಭಿಪ್ರಾಯ.

ಡಮಾಸ್ಕಸ್ ಬಗ್ಗೆ ಒಂದೇ ಮಾತು: ಕಡಿಮೆ ಬೆಲೆಯ ಚಾಕುಗಳ ಮೇಲಿನ ಅಲೆಅಲೆ ಗೆರೆ ಬಹುಪಾಲು ಲೇಸರ್‌ನಲ್ಲಿ ಬರೆದದ್ದು. ನಿಜವಾದ ಪದರದ ಉಕ್ಕಾದರೂ ಆ ಗೆರೆ ಇರೋದು ಮಗ್ಗುಲಲ್ಲಿ. ಕತ್ತರಿಸೋದು ಒಳಗಿನ ಒಂದೇ ಪದರ.

ಉಕ್ಕಿಗಿಂತ ನಾನು ಮೊದಲು ನೋಡೋದು ಅಲಗಿನ ದಪ್ಪ. ಒಂದೇ ಉಕ್ಕಿನ ಎರಡು ಚಾಕು, ಒಂದು ಗಜ್ಜರಿಯನ್ನು ಹೋಳು ಮಾಡುತ್ತೆ, ಇನ್ನೊಂದು ಸೀಳುತ್ತೆ. ‘ಟಕ್’ ಅಂತ ಶಬ್ದ ಬಂದು ಗಜ್ಜರಿ ಒಡೆದರೆ ಅಲಗು ದಪ್ಪ ಇದೆ ಅಂತಲೇ ಅರ್ಥ, ಹರಿತ ಎಷ್ಟೇ ಇರಲಿ. ಹಿಡಿಯ ಹತ್ತಿರ ಬೆನ್ನು 2ರಿಂದ 2.5 ಮಿ.ಮೀ. ಸಾಕು, ಅಲ್ಲಿಂದ ತುದಿ ಕಡೆಗೂ ಬಾಯಿ ಕಡೆಗೂ ಇಳಿಯುತ್ತಾ ಹೋಗಬೇಕು. ಬಾಯಿಯ ಹಿಂದೆಯೇ, ಸಾಣೆಯ ಇಳಿಜಾರು ಶುರುವಾಗೋ ಜಾಗದಲ್ಲಿ, ಅರ್ಧ ಮಿ.ಮೀ. ದಾಟಬಾರದು. ಅಂಗಡಿಯಲ್ಲಿ ಅಳತೆ ಪಟ್ಟಿ ಬೇಕಿಲ್ಲ. ಹೆಬ್ಬೆರಳು, ತೋರುಬೆರಳ ನಡುವೆ ಅಲಗನ್ನು ಬೆನ್ನಿನಿಂದ ಬಾಯಿ ಕಡೆಗೆ ಹುಷಾರಾಗಿ ಸವರಿ, ಬಾಯಿ ಬರೋ ಮುಂಚೆಯೇ ಬೆರಳು ನಿಲ್ಲಿಸಿ. ಎರಡು ಮೂರು ಚಾಕು ಹೀಗೆ ಸವರಿದರೆ ಯಾವುದು ತೆಳು ಅಂತ ಕೈಗೇ ಗೊತ್ತಾಗುತ್ತೆ.

ಅಲಗಿನ ಎತ್ತರ 45-48 ಮಿ.ಮೀ. ಇರಲಿ. ಇದಕ್ಕಿಂತ ಕಮ್ಮಿ ಇದ್ದರೆ ಹೆಚ್ಚುವಾಗ ಬೆರಳ ಗೆಣ್ಣು ಮಣೆಗೆ ಬಡಿಯುತ್ತೆ.


ಚೌಕಿಪೇಟೆ_ಪಾತ್ರೆ:

ಮೇಲಿನವರು ಹೇಳಿದ್ದೆಲ್ಲ ಸರಿ ಐತೆ. ಅಂಗಡಿಗೆ ಹೋದಾಗ ಏನು ನೋಡಬೇಕು ಅನ್ನೋದನ್ನ ನಾನು ಸೇರಿಸ್ತೀನ್ರಿ.

ಪ್ಯಾಕೆಟ್ ಬಿಚ್ಚಿ ತೋರಿಸ್ರಿ ಅಂತ ಕೇಳ್ರಿ, ಸಂಕೋಚ ಬ್ಯಾಡ. ಚಾಕು ತಗೊಂಡು ಹಿಡಿ ಕಡೆಯಿಂದ ಒಂದು ಕಣ್ಣು ಮುಚ್ಚಿ ಬಾಯಿ ನೋಡ್ರಿ. ಎಡಕ್ಕೋ ಬಲಕ್ಕೋ ಬಾಗಿದ್ರೆ ವಾಪಸ್ ಇಡ್ರಿ, ಅದು ಸಾಣೆಯಲ್ಲಿ ಸರಿ ಹೋಗಂಗಿಲ್ಲ. ಆಮೇಲೆ ಬಾಯಿ ಕೆಳಗೆ ಮಾಡಿ ಗಾಜಿನ ಮೇಲಲ್ಲ, ರಟ್ಟಿನ ಮೇಲೆ ಇಟ್ಟು ನಿಧಾನ ತೂಗ್ರಿ, ಹಿಂದಿನಿಂದ ಬೆಳಕು ಬರಂಗೆ. ಹಿಡಿಯ ಹತ್ತಿರ ಎಲ್ಲಾದ್ರೂ ಸಂದು ಕಂಡ್ರೆ ಆ ಜಾಗದಲ್ಲಿ ಚಾಕು ಮಣೆಗೆ ಮುಟ್ಟಂಗಿಲ್ಲ. ಅಂಥ ಚಾಕಿನಲ್ಲಿ ಈರುಳ್ಳಿ ಹೆಚ್ಚಿದ್ರೆ ಹೋಳು ಪೂರ್ತಿ ಬಿಡಂಗಿಲ್ಲ, ಒಂದಕ್ಕೊಂದು ಅಂಟಿಕೊಂಡೇ ಬರ್ತಾವೆ.

ಅಯಸ್ಕಾಂತ ಹಿಡಿದು ನೋಡೋರು ಅದಾರೆ. ಅಂಟಿತು ಅಂದ್ರೆ ಒಳ್ಳೆ ಉಕ್ಕು ಅಂತ ಆಗಲಿಲ್ಲ, ಅಗ್ಗದ್ದೂ ಅಂಟ್ತೈತೆ. ಆದ್ರೆ ಅಲಗಿಗೆ ಅಂಟಲೇ ಇಲ್ಲ ಅಂದ್ರೆ ಅದು ಪಾತ್ರೆ ಮಾಡೋ ಜಾತಿ ಸ್ಟೀಲು. ಅದು ಕಾಸಿ ಅದ್ದಿದ್ರೂ ಗಡಸು ಆಗಂಗಿಲ್ಲ, ಹರಿತ ಹಿಡಿಯಂಗಿಲ್ಲ. ಖಂಡಿತ ಬಿಡ್ರಿ.

ಹಿಡಿ: ಪೂರ್ತಿ ಸ್ಟೀಲಿನ ನುಣುಪು ಹಿಡಿ ನೋಡಕ್ಕೆ ಚೆಂದ, ಎಣ್ಣೆ ಕೈಯಾಗೆ ಜಾರ್ತೈತೆ. ಮರದ್ದಾದ್ರೆ ರಿವೆಟ್ ಮೇಲೆ ಉಗುರು ಎಳೆದು ನೋಡ್ರಿ, ಎಲ್ಲೂ ತಡೀಬಾರದು. ಉಕ್ಕು, ಮರ ಕೂಡೋ ಜಾಗದಲ್ಲಿ ಕೂದಲೆಳೆ ಸಂದು ಇದ್ರೂ ಅಲ್ಲಿ ನೀರು ಇಳಿದು ಒಳಗಿಂದ ಕೊಳೀತೈತೆ. ಒರಟು ಪ್ಲಾಸ್ಟಿಕ್ ಇಲ್ಲಾ ರಬ್ಬರ್ ಥರದ ಹಿಡಿ ನಮ್ಮ ಅಡುಗೆಮನೆಗೆ ಚಲೋ. ವಿಕ್ಟೋರಿನಾಕ್ಸ್‌ನೋರ ಫೈಬ್ರಾಕ್ಸ್ ಹಿಡಿ ನೋಡ್ರಿ, ಹೋಟೆಲ್‌ ಅಡುಗೆಯೋರು ಅದನ್ನೇ ಹಿಡೀತಾರೆ. ಅದರ ಅಲಗು ಬಡಿದು ಮಾಡಿದ್ದಲ್ಲ, ಹಾಳೆ ಉಕ್ಕಿನಿಂದ ಕತ್ತರಿಸಿದ್ದು, ಅದಕ್ಕೇ ಹಗುರ, ತೆಳು. ಬಡಿದು ಮಾಡಿದ್ದೇ ಮೇಲು ಅನ್ನೋ ಮಾತು ತರಕಾರಿ ಹೆಚ್ಚೋ ಮನೆಗೆ ಹೊಂದಂಗಿಲ್ಲ.

ಇನ್ನೊಂದು. ಕೆಲವು ಚಾಕಿಗೆ ಹಿಡಿ ಮುಂದೆ ದಪ್ಪನೆ ಉಕ್ಕಿನ ಗಡ್ಡೆ ಇರ್ತೈತೆ, ಅದು ಬಾಯಿ ತನಕ ಇಳಿದಿದ್ರೆ ಬ್ಯಾಡ. ಸಾಣೆ ಹಿಡಿದಂಗೆಲ್ಲ ಬಾಯಿ ಸವೀತೈತೆ, ಗಡ್ಡೆ ಸವೆಯಂಗಿಲ್ಲ, ಒಂದೆರಡು ವರ್ಷದಾಗೆ ಅಲ್ಲಿ ಗುಂಡಿ ಬೀಳ್ತೈತೆ.

ಯಜಮಾನರದು ಎಡಗೈ ಅಂದ್ರಿ. ಎರಡೂ ಮಗ್ಗುಲು ಸಮ ಇಳಿಜಾರು ಇರೋ ಚಾಕು ಯಾವ ಕೈಗಾದ್ರೂ ಸೈ. ಒಂದೇ ಮಗ್ಗುಲು ಸಾಣೆ ಹಿಡಿದಿರೋ ಜಪಾನೀ ಚಾಕು ಸಾಮಾನ್ಯವಾಗಿ ಬಲಗೈಯೋರಿಗೆ ಮಾಡಿದ್ದು, ಎಡಗೈಯಾಗೆ ಹಿಡಿದ್ರೆ ಹೋಳು ಓರೆ ಹೋಗ್ತೈತೆ. ಬಾಯಿಯನ್ನ ನೇರ ಮುಖದ ಎದುರಿಗೆ ಹಿಡಿದು ಎರಡು ಕಡೆ ಇಳಿಜಾರು ಸಮ ಐತಾ ಅಂತ ನೋಡಿ ತಗೊಳ್ರಿ.

ಅತ್ತೆಯವರ ಈಳಿಗೆ ಮಣೆ ತೆಗೀಬ್ಯಾಡ್ರಿ. ಸೊಪ್ಪಿನ ಕಂತೆ, ಬದನೆಕಾಯಿ ಹೋಳು, ಹಲಸಿನ ಕಾಯಿ ಇಂಥದ್ದಕ್ಕೆ ಎರಡು ಕೈಯೂ ಪದಾರ್ಥದ ಮೇಲೆ ಇರ್ತಾವೆ, ಮೈಭಾರ ಕಾಲಿನ ಕೆಳಗೆ ಇರ್ತೈತೆ, ಅದರ ಹಿಡಿತ ಯಾವ ಚಾಕಿಗೂ ಬರಂಗಿಲ್ಲ. ಅದಕ್ಕೆ ಸಾಣೆ ಹಿಡಿಯೋವಾಗ ಮಣೆ ಅಲ್ಲಾಡದಂಗೆ ಕಾಲಲ್ಲಿ ಒತ್ತಿ ಕಲ್ಲನ್ನೇ ಅಲಗಿನ ಮೇಲೆ ಆಡಿಸಬೇಕು, ಬೆರಳು ಕಲ್ಲಿನ ಹಿಂದೆ ಇರಬೇಕು. ಕೆಲಸ ಮುಗಿದ ಮೇಲೆ ಅಲಗು ಮಡಚಿ ಇಡ್ರಿ. ಮಡಚೋ ಮಣೆ ಅಲ್ಲದಿದ್ರೆ ಹಳೇ ಸೈಕಲ್ ಟ್ಯೂಬು ಸೀಳಿ ಬಾಯಿಗೆ ಹಾಕ್ರಿ.


ದುರ್ಗದ_ಕುಲುಮೆ:

ಕುಲುಮೆ ಚಾಕುವಿನ ಪ್ರಶ್ನೆಗೆ ಚಿತ್ರದುರ್ಗದಿಂದ ಉತ್ತರ. ಆಗುತ್ತೆ ಅಕ್ಕ, ಚೆನ್ನಾಗೇ ಆಗುತ್ತೆ. ಆದರೆ ಸುಮ್ಮನೆ ‘ಒಂದು ಚಾಕು ಮಾಡಿಕೊಡಿ’ ಅಂದರೆ ಕಾಯಿ ಒಡೆಯೋ ಕತ್ತಿಯ ದಪ್ಪದ್ದೇ ಬರುತ್ತೆ. ಕಮ್ಮಾರರಿಗೆ ಹೆಚ್ಚಾಗಿ ಬರೋ ಕೆಲಸ ಕುಡಗೋಲು, ಮಚ್ಚು, ಕೊಡಲಿಯದು, ಆ ಕೆಲಸಕ್ಕೆ ದಪ್ಪವೇ ಗುಣ. ತರಕಾರಿ ಚಾಕು ಅಂತ ಬಿಡಿಸಿ ಹೇಳಬೇಕು, ರಟ್ಟಿನಲ್ಲಿ ಆಕಾರ ಕತ್ತರಿಸಿಕೊಂಡು ಹೋಗಿ ಕೊಟ್ಟರೆ ಇನ್ನೂ ಒಳ್ಳೆಯದು: ಅಲಗಿನ ಉದ್ದ 18 ಸೆಂ.ಮೀ., ಎತ್ತರ 45 ಮಿ.ಮೀ., ಬೆನ್ನು 2.5 ಮಿ.ಮೀ.

ಉಕ್ಕು ಯಾವುದು ಅನ್ನೋದೇ ಎಲ್ಲ. ಲಾರಿ, ಜೀಪಿನ ಸ್ಪ್ರಿಂಗ್ ಪಟ್ಟಿಯಲ್ಲಿ ಸುಮಾರು 0.5ರಿಂದ 0.6% ಇಂಗಾಲ ಇರುತ್ತೆ, ಹದಕ್ಕೆ ಬರುತ್ತೆ. ಮನೆ ಕಟ್ಟೋ ಕಂಬಿಯಲ್ಲಿ ಅಷ್ಟು ಇಂಗಾಲ ಇಲ್ಲ, ಅದರಲ್ಲಿ ಎಷ್ಟು ಚೆಂದ ಮಾಡಿದರೂ ವಾರದಲ್ಲಿ ಮೊಂಡು. ಹಳೇ ಪಟ್ಟಿಯಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು, ವರ್ಷಗಟ್ಟಲೆ ಬಾಗಿ ಬಾಗಿ ದಣಿದ ಉಕ್ಕು ಅದು. ಹಾಗಾಗಿ ಪಟ್ಟಿ ಮುರಿದ ಜಾಗದ ಹತ್ತಿರದ್ದು, ನಡುವಿನ ಬೋಲ್ಟ್ ತೂತಿನ ಹತ್ತಿರದ್ದು ಬೇಡ, ತುದಿಯ ಕಡೆಯದು ಕೇಳಿ.

ಹದ ಹಾಕುವಾಗ ಎಡವಟ್ಟು ಆಗೋದು ಎರಡು ಕಡೆ. ಮೊದಲನೆಯದು ನೀರು. ಕೆಂಪಗೆ ಕಾದ ತೆಳು ಅಲಗನ್ನು ತಣ್ಣೀರಿಗೆ ಅದ್ದಿದರೆ ಸ್ಪ್ರಿಂಗ್ ಪಟ್ಟಿಯ ಉಕ್ಕು ಸೀಳಬಹುದು, ಇಲ್ಲಾ ಸೊಟ್ಟಗಾಗುತ್ತೆ. ಈ ಉಕ್ಕಿಗೆ ಎಣ್ಣೆಯೇ ಸರಿ, ಅದೂ ಕೈಗೆ ಬಿಸಿ ತಾಗುವಷ್ಟು, 50-60 ಡಿಗ್ರಿ. ಕಾಸೋ ಮಟ್ಟ ಹೇಗೆ ತಿಳಿಯೋದು ಅಂದರೆ ಅಯಸ್ಕಾಂತ ಹಿಡಿಯೋದು ನಿಂತ ಮೇಲೆ ಇನ್ನೊಂಚೂರು, ಸುಮಾರು 830-850 ಡಿಗ್ರಿ. ಅದಕ್ಕಿಂತ ಜಾಸ್ತಿ ಹಳದಿಗೆ ತಿರುಗಿದರೆ ಉಕ್ಕಿನ ಕಾಳು ದೊಡ್ಡದಾಗಿ ಅಲಗು ಗಾಜಿನಂತೆ ಮುರಿಯುತ್ತೆ.

ಎರಡನೆಯದು, ಅದ್ದಿದ ಮೇಲೆ ಮತ್ತೆ ಕಾಸಿ ಬಿಗಿ ಬಿಡಿಸೋದನ್ನು ಬಿಟ್ಟುಬಿಡೋದು, ಇಲ್ಲಾ ಅತಿ ಮಾಡೋದು. ತಿಕ್ಕಿ ಹೊಳಪು ಮಾಡಿದ ಅಲಗನ್ನು ಬೆನ್ನಿನ ಕಡೆಯಿಂದ ಕಾಸುತ್ತಾ ಹೋದರೆ ಮೊದಲು ಒಣಹುಲ್ಲಿನ ತಿಳಿ ಹಳದಿ ಬರುತ್ತೆ, ಅದು ಸುಮಾರು 200-220 ಡಿಗ್ರಿ. ಬಾಯಿಗೆ ಆ ಬಣ್ಣ ಮುಟ್ಟಿದ ಕೂಡಲೇ ನಿಲ್ಲಿಸಬೇಕು. ನೀಲಿ ಬಂದರೆ 300 ಆಯಿತು, ಸ್ಪ್ರಿಂಗಿಗೆ ಅದು ಸರಿ, ಚಾಕುವಿಗೆ ಮೆತ್ತಗಾಯಿತು. ಮನೆಯಲ್ಲಿ ಓಟಿಜಿ (ಕರೆಂಟಿನ ಸಣ್ಣ ಓವನ್) ಇದ್ದರೆ ಈ ಕೆಲಸ ಅದರಲ್ಲೇ ಮಾಡಬಹುದು: 200 ಡಿಗ್ರಿಗೆ ಒಂದು ಗಂಟೆ, ತಣ್ಣಗಾದ ಮೇಲೆ ಇನ್ನೊಂದು ಗಂಟೆ.

ಚಾಕು ಕೈಗೆ ಬಂದ ಮೇಲೆ ಹೊಸ ಅರ ತಗೊಂಡು ಬಾಯಿಯ ಹತ್ತಿರ ಹಗುರವಾಗಿ ಎಳೀರಿ. ಅರ ಜಾರಿದರೆ ಹದ ಹಿಡಿದಿದೆ. ಕಚ್ಚಿ ಪುಡಿ ಉದುರಿದರೆ ವಾಪಸ್ ಕೊಡಿ.

ತುಕ್ಕಿನ ಮಾತು. ಇದು ಸ್ಟೇನ್‌ಲೆಸ್ ಅಲ್ಲ. ಟೊಮೆಟೊ, ನಿಂಬೆ, ಹುಣಸೆಹಣ್ಣಿನ ಹುಳಿ ತಾಗಿ ಬಿಟ್ಟರೆ ಹತ್ತು ನಿಮಿಷದಲ್ಲಿ ಕಪ್ಪಾಗುತ್ತೆ, ಶುರುವಿನಲ್ಲಿ ಈರುಳ್ಳಿಗೂ ಬಣ್ಣ ಹಿಡಿಯುತ್ತೆ. ಕೆಲವು ವಾರ ಬಳಸಿದ ಮೇಲೆ ಅಲಗಿಗೆ ಬೂದು ನೀಲಿ ಪದರ ಕೂರುತ್ತೆ, ಆಮೇಲೆ ಬಣ್ಣ ಬಿಡೋದು ಕಡಿಮೆ. ಆ ಪದರವನ್ನು ಸಬೀನ ಹಾಕಿ ತಿಕ್ಕಬೇಡಿ, ಅದು ತುಕ್ಕಲ್ಲ, ತುಕ್ಕಿಗೆ ತಡೆ. ಕೆಂಪು ಕಂಡರೆ ಮಾತ್ರ ತಿಕ್ಕಿ ತೆಗೀರಿ. ತೊಳೆದು ಒಣಬಟ್ಟೆಯಲ್ಲಿ ಒರೆಸಿ, ನಾಲ್ಕು ದಿನ ಬಳಸಲ್ಲ ಅಂದರೆ ಕೊಬ್ಬರಿ ಎಣ್ಣೆ ಇಲ್ಲಾ ಹರಳೆಣ್ಣೆ ಒಂದು ಹನಿ ಸವರಿ. ಕುಸುಬೆ ಎಣ್ಣೆ ಬೇಡ, ಅದು ಗಾಳಿಗೆ ಒಣಗಿ ಅಂಟಂಟಾಗುತ್ತೆ. ಆಯುಧಪೂಜೆಗೆ ಹಚ್ಚಿದ ಒದ್ದೆ ಕುಂಕುಮ, ವಿಭೂತಿ ರಾತ್ರಿಯಿಡೀ ಹಾಗೇ ಇದ್ದರೆ ಬೆಳಿಗ್ಗೆ ಅಷ್ಟಗಲ ತುಕ್ಕು. ಪೂಜೆಯ ಚಾಕುವಿಗೆ ಮೊದಲು ಎಣ್ಣೆ ಸವರಿ, ಆಮೇಲೆ ಬೆನ್ನಿನ ಮೇಲೆ ಹಚ್ಚಿ.

ನನ್ನ ಸಲಹೆ: ದಿನದ ಚಾಕು ಸ್ಟೇನ್‌ಲೆಸ್ ಇರಲಿ, ಕುಂಬಳಕಾಯಿ, ಎಲೆಕೋಸಿಗೆ ಅಂತ ಕುಲುಮೆಯದೊಂದು ಮಾಡಿಸಿ. ಒರೆಸೋ ಅಭ್ಯಾಸ ಮನೆಯಲ್ಲಿ ಎಲ್ಲರಿಗೂ ಇಲ್ಲದಿದ್ದರೆ ಅದನ್ನೇ ಏಕೈಕ ಚಾಕು ಮಾಡಿಕೊಳ್ಳಬೇಡಿ.


ವಿನೋಬನಗರ_ಅಡುಗೆಮನೆ:

ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ಸೆಟ್ ಬಿಟ್ಟೆವು. 20 ಸೆಂ.ಮೀ.ದು ಒಂದು, ಚಿಕ್ಕದೊಂದು ಅಂತ ತೀರ್ಮಾನ ಆಯ್ತು. ಈಗ ಕಲ್ಲು ಯಾವುದು, ಹೇಗೆ ಉಜ್ಜೋದು ಅಂತ ಯಾರಾದರೂ ಹೇಳಿ. ನಾವು ಗ್ರಾನೈಟ್ ಕಟ್ಟೆ ಮೇಲೆ, ಕೆಲವು ಸಲ ಸ್ಟೀಲ್ ತಟ್ಟೆಯಲ್ಲೇ ಹಣ್ಣು ಹೆಚ್ಚೋದುಂಟು. ಇನ್ನೊಂದು, ಬೋರ್‌ವೆಲ್ ನೀರಲ್ಲಿ ತೊಳೆದ ಚಾಕುಗಳ ಮೇಲೆ ಬಿಳಿ ಚುಕ್ಕೆ ಬೀಳುತ್ತೆ, ಅದು ತುಕ್ಕಿನ ಶುರುವಾ?


ಸಾಣೆಕಲ್ಲು:

ಗ್ರಾನೈಟ್ ಮೇಲೆ, ತಟ್ಟೆಯಲ್ಲಿ ಹೆಚ್ಚೋದನ್ನು ಇವತ್ತೇ ನಿಲ್ಲಿಸಿ. ಗ್ರಾನೈಟಿನಲ್ಲಿರೋ ಸ್ಫಟಿಕದ ಕಣ ನಿಮ್ಮ ಚಾಕುವಿಗಿಂತ ಗಡಸು. ಹತ್ತು ಏಟಿಗೆ ಬಾಯಿ ಹೋಗುತ್ತೆ, ಎಷ್ಟು ದುಬಾರಿ ಚಾಕು ಆದರೂ ಅಷ್ಟೇ. ಗಾಜಿನ ಮಣೆಯೂ ಹಾಗೇ. ಮರದ ಮಣೆ ಇಲ್ಲಾ ಬಿಳಿ ಪ್ಲಾಸ್ಟಿಕ್ ಮಣೆ, ಕಡಿಮೆ ಅಂದರೂ 35x25 ಸೆಂ.ಮೀ. ಇರಲಿ. ಬೇವು, ಮಾವು, ಹುಣಸೆ ಮರದ್ದು ಒಳ್ಳೆಯದು. ತೇಗ ನೋಡೋದಕ್ಕೆ ಚೆನ್ನ, ಆದರೆ ಅದರಲ್ಲಿ ಮರಳಿನಂಶ ಇದ್ದು ಬಾಯಿ ಸ್ವಲ್ಪ ಬೇಗ ಸವೆಯುತ್ತೆ. ಮಣೆಯ ಕೆಳಗೆ ಒದ್ದೆ ಬಟ್ಟೆ ಹಾಸಿ, ಜಾರಲ್ಲ. ಹೆಚ್ಚಿದ್ದನ್ನು ಬಾಣಲೆಗೆ ತಳ್ಳೋವಾಗ ಚಾಕುವಿನ ಬಾಯಿಯಿಂದ ಮಣೆಯನ್ನು ಕೆರೆಯಬೇಡಿ, ತಿರುಗಿಸಿ ಬೆನ್ನಿನಿಂದ ತಳ್ಳಿ. ಬಹಳ ಮನೆಗಳಲ್ಲಿ ಚಾಕು ಮೊಂಡಾಗೋದು ಹೆಚ್ಚಿದ್ದಕ್ಕಿಂತ ಕೆರೆದದ್ದಕ್ಕೆ.

ಬಿಳಿ ಚುಕ್ಕೆ ತುಕ್ಕಲ್ಲ. ನಮ್ಮ ಕಡೆ ಬೋರ್ ನೀರು ಗಡಸು, ಆರಿದ ಮೇಲೆ ಸುಣ್ಣದಂಶ ಉಳಿಯುತ್ತೆ. ನಿಂಬೆ ಹೋಳು ಉಜ್ಜಿ ಒಂದು ನಿಮಿಷ ಬಿಟ್ಟು ತೊಳೆದು ಒರೆಸಿದರೆ ಹೋಗುತ್ತೆ. ಸ್ಟೇನ್‌ಲೆಸ್‌ಗೆ ನಿಜವಾದ ಶತ್ರು ಉಪ್ಪು. ಉಪ್ಪಿನಕಾಯಿ ಮಾವಿನಕಾಯಿ ಹೆಚ್ಚಿ ರಾತ್ರಿಯಿಡೀ ಸಿಂಕಿನಲ್ಲಿ ಬಿಟ್ಟರೆ ಸೂಜಿಮೊನೆಯಂಥ ಗುಂಡಿ ಬೀಳುತ್ತವೆ, ಅವು ಮತ್ತೆ ಹೋಗಲ್ಲ.

ಕಲ್ಲು: ಒಂದೇ ತಗೊಳ್ಳೋದಾದರೆ 1000 ಗ್ರಿಟ್ (ಕಲ್ಲಿನ ಕಾಳಿನ ಅಂಕಿ, ಹೆಚ್ಚಾದಷ್ಟೂ ಕಲ್ಲು ನಯ). ಎರಡು ಮುಖದ್ದು ಸಿಕ್ಕರೆ 400/1000 ಇಲ್ಲಾ 1000/3000. ಹಾರ್ಡ್‌ವೇರ್ ಅಂಗಡಿಯ ಕಪ್ಪು ಕಾರ್ಬೊರಂಡಂ ಕಲ್ಲು ಕುಡಗೋಲು, ಮಚ್ಚಿಗೆ ಸರಿ, ಅಡುಗೆ ಚಾಕುವಿಗೆ ಅದರ ಎರಡೂ ಮುಖ ಒರಟಾಯಿತು. ಬೇರೆ ಕಲ್ಲು ಇಲ್ಲದಾಗ ಅದರ ನಯ ಮುಖದಲ್ಲಿ ಉಜ್ಜಿ, ಪಿಂಗಾಣಿ ಲೋಟದ ತಳದ ಒರಟು ಉಂಗುರದ ಮೇಲೆ ಕೊನೆಯ ಕೈ ಕೊಡಬಹುದು.

ಉಜ್ಜೋ ಕ್ರಮ. ಕಲ್ಲನ್ನು 10-15 ನಿಮಿಷ ನೀರಲ್ಲಿ ಮುಳುಗಿಸಿ, ಗುಳ್ಳೆ ನಿಲ್ಲೋ ತನಕ. ನೆನೆಸಬಾರದು ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ ಮೇಲೆ ನೀರು ಚಿಮುಕಿಸಿದರೆ ಸಾಕು. ಒದ್ದೆ ಬಟ್ಟೆ ಮೇಲೆ ಕಲ್ಲಿಡಿ. ಚಾಕುವಿನ ಬಾಯಿಗೆ ಎರಡೂ ಮಗ್ಗುಲು ಮಾರ್ಕರ್ ಪೆನ್ನಿನಲ್ಲಿ ಗೆರೆ ಎಳೀರಿ. ಹೊಸಬರಿಗೆ ಇದಕ್ಕಿಂತ ದೊಡ್ಡ ಸಹಾಯ ಇನ್ನೊಂದಿಲ್ಲ. ನಾಲ್ಕು ಸಲ ಉಜ್ಜಿ ನೋಡಿ: ಶಾಯಿ ಮೇಲ್ಗಡೆ ಮಾತ್ರ ಹೋಗಿದ್ದರೆ ಚಾಕು ಬಹಳ ಮಲಗಿದೆ, ಬಾಯಿಯ ತುದಿಯಲ್ಲಿ ಮಾತ್ರ ಹೋಗಿದ್ದರೆ ಬಹಳ ಎದ್ದಿದೆ, ಇಳಿಜಾರು ಪೂರ್ತಿ ಹೋಗಿದ್ದರೆ ಕೋನ ಸರಿ. ಲೆಕ್ಕಕ್ಕೆ ಹೇಳೋದಾದರೆ 45 ಮಿ.ಮೀ. ಎತ್ತರದ ಅಲಗಿನ ಬೆನ್ನು ಕಲ್ಲಿನಿಂದ 12 ಮಿ.ಮೀ. ಎದ್ದಿದ್ದರೆ 15 ಡಿಗ್ರಿ, 15 ಮಿ.ಮೀ. ಎದ್ದಿದ್ದರೆ 20 ಡಿಗ್ರಿ. ನಿಮ್ಮ ಚಾಕುವಿಗೆ ಇವೆರಡರ ನಡುವೆ ಎಲ್ಲಿದ್ದರೂ ಆಗುತ್ತೆ. ಒಂದೇ ಎತ್ತರ ಕಾಯ್ದುಕೊಳ್ಳೋದು ಮುಖ್ಯ. ಮೊಣಕೈ ಆಡಲಿ, ಮಣಿಕಟ್ಟು ಆಡಬಾರದು.

ಒಂದೇ ಮಗ್ಗುಲನ್ನು ಹಿಡಿಯಿಂದ ತುದಿವರೆಗೆ ಉಜ್ಜುತ್ತಾ ಹೋಗಿ, ಆಗಾಗ ಇನ್ನೊಂದು ಮಗ್ಗುಲಲ್ಲಿ ಬೆನ್ನಿನಿಂದ ಬಾಯಿಯ ಆಚೆಗೆ ಹೆಬ್ಬೆರಳನ್ನು ಎಳೆದು ನೋಡಿ. ಬಾಯಿಯ ಉದ್ದಕ್ಕೂ ಚರ್ಮಕ್ಕೆ ತಡೆಯುವಂಥ ಸಣ್ಣ ಏಣು ಸಿಗಬೇಕು. ಅದು ಸಿಗೋ ತನಕ ಮಗ್ಗುಲು ಬದಲಿಸಬೇಡಿ. ಏಣು ಎದ್ದಿದೆ ಅಂದರೆ ನೀವು ಬಾಯಿಯ ತುದಿ ಮುಟ್ಟಿದ್ದೀರಿ ಅಂತ. ಎಷ್ಟು ಸಲ ಉಜ್ಜಬೇಕು ಅನ್ನೋ ಲೆಕ್ಕ ಯಾರು ಹೇಳಿದರೂ ನಂಬಬೇಡಿ, ಏಣೇ ಲೆಕ್ಕ. ಆಮೇಲೆ ಇನ್ನೊಂದು ಮಗ್ಗುಲು, ಹಾಗೇ. ಕೊನೆಗೆ ಒತ್ತಡ ಪೂರ್ತಿ ಬಿಟ್ಟು, ಚಾಕುವಿನ ಭಾರವಷ್ಟೇ ಇರುವಂತೆ, ಅದೊಂದು ಸಲ ಇದೊಂದು ಸಲ ಎಳೆದು ಏಣನ್ನು ತೆಗೀರಿ. ಮನೆಯಲ್ಲಿ ಸಾಣೆ ಹಿಡಿದ ಚಾಕು ಎರಡೇ ದಿನಕ್ಕೆ ಮೊಂಡಾಯಿತು ಅಂದರೆ ಬಹುತೇಕ ಕಾರಣ ಈ ಏಣು ಉಳಿದಿರೋದು: ಮೊದಲ ದಿನ ಅದೇ ಕತ್ತರಿಸುತ್ತೆ, ಎರಡನೇ ದಿನ ಮುರಿದು ಬೀಳುತ್ತೆ.

ಪರೀಕ್ಷೆಗೆ ಮಾಗಿದ ಟೊಮೆಟೊ ಸಾಕು. ಒತ್ತದೆ, ಎಳೆದಷ್ಟಕ್ಕೇ ಸಿಪ್ಪೆ ಸೀಳಬೇಕು. ದೀಪದ ಕೆಳಗೆ ಬಾಯಿ ಮೇಲೆ ಮಾಡಿ ನೋಡಿ, ಎಲ್ಲಾದರೂ ಮಿಣಮಿಣ ಹೊಳೆದರೆ ಆ ಜಾಗ ಇನ್ನೂ ಮೊಂಡು.

ಐದು ಜನರ ಮನೆಗೆ ಎರಡು ಮೂರು ತಿಂಗಳಿಗೊಮ್ಮೆ ಕಲ್ಲು ಸಾಕಾಗುತ್ತೆ, ನಡುವೆ ವಾರಕ್ಕೊಮ್ಮೆ ಸ್ಟೀಲ್ ಕಡ್ಡಿಗೆ (ಚಾಕು ಸವರೋಕೆ ಅಂತಲೇ ಸಿಗೋ ಹಿಡಿ ಇರೋ ಕಡ್ಡಿ) ನಾಲ್ಕೈದು ಸಲ ಹಗುರವಾಗಿ ಸವರಿ. ಕಡ್ಡಿ ಮಡಚಿದ ಬಾಯಿಯನ್ನು ನೆಟ್ಟಗೆ ಮಾಡುತ್ತೆ, ಸವೆದುಹೋದ ಬಾಯಿಯನ್ನು ಹೊಸದಾಗಿ ಕೊಡಲ್ಲ. ಎರಡು ಕಾರ್ಬೈಡ್ ತುಂಡಿನ ನಡುವೆ ಎಳೆಯೋ ಅಗ್ಗದ ಸಾಧನ ಬೇಡ, ಅದು ಉಕ್ಕನ್ನು ಹರಿದು ಗರಗಸ ಮಾಡುತ್ತೆ.

ರಸ್ತೆಯಲ್ಲಿ ಸಾಣೆ ಹಿಡಿಯೋರ ಬಗ್ಗೆ ಕೇಳಿದಿರಿ. ಕೈಚಳಕ ಇರೋರು ಇದ್ದಾರೆ, ಈಳಿಗೆ, ಕತ್ತರಿ ಅವರಿಗೇ ಕೊಡಿ. ಆದರೆ ಒಣ ಚಕ್ರದಲ್ಲಿ ತೆಳು ಬಾಯಿ ಕ್ಷಣದಲ್ಲಿ ಕಾಯುತ್ತೆ, ದುರ್ಗದವರು ಮೇಲೆ ಹೇಳಿದ ನೀಲಿ ಬಣ್ಣ ಅಲ್ಲೂ ಬರುತ್ತೆ, ಬಂದರೆ ಅಷ್ಟು ಜಾಗದ ಹದ ಹೋಯಿತು. ಕೊಡಲೇಬೇಕಾದರೆ ಪಕ್ಕದಲ್ಲೇ ನಿಂತು, ಒಂದೊಂದು ಎಳೆತಕ್ಕೂ ನೀರಿಗೆ ಅದ್ದಿ ಅಣ್ಣಾ ಅಂತ ಕೇಳಿ. ಕಿಡಿ ಬಾಯಿಯ ಮೇಲಕ್ಕೆ ಹರಿದು ಬರೋವಷ್ಟು ಒತ್ತೋದು ಬೇಡ.


ವಿನೋಬನಗರ_ಅಡುಗೆಮನೆ:

ಮಾರ್ಕರ್ ಉಪಾಯ ಬಹಳ ಉಪಯೋಗ ಆಗುತ್ತೆ. ಕೊನೆಯದೊಂದು. ಮನೆಯಲ್ಲಿ ಒಂದು ಹಳೇ ಸಂಟೊಕು ಇದೆ, ಯಾರೋ ಉಡುಗೊರೆ ಕೊಟ್ಟದ್ದು. ಬೆಲ್ಲದ ಅಚ್ಚು ಒಡೆಯೋಕೆ ಹೋಗಿ ನಡುವೆ ಹಲ್ಲು ಬಿದ್ದಿದೆ, ಸುಮಾರು ಒಂದು ಮಿ.ಮೀ. ಆಳ. ಹೊಸ ಚಾಕು ಹಾಳು ಮಾಡೋ ಮುಂಚೆ ಅದರ ಮೇಲೆ ಕೈ ಪಳಗಿಸೋಣ ಅಂತ. ಅದನ್ನು ಸರಿ ಮಾಡಬಹುದಾ?


ಸಾಣೆಕಲ್ಲು:

ಮಾಡಬಹುದು. ಮೊದಲು ಉಗುರಿನಲ್ಲಿ ಹಲ್ಲಿನ ಎರಡೂ ಪಕ್ಕ ಸವರಿ. ಒಂದು ಕಡೆ ಉಬ್ಬು ತಾಗಿದರೆ ಅಲ್ಲಿ ಉಕ್ಕು ಮಡಚಿದೆ, ಕಡ್ಡಿಯಲ್ಲಿ ನೆಟ್ಟಗೆ ಮಾಡಿ ನೋಡಿ. ಉಬ್ಬು ಇಲ್ಲ, ಚೂರು ಹಾರಿಹೋಗಿದೆ ಅಂದರೆ ಉಜ್ಜಲೇಬೇಕು. ಅರ್ಧ ಮಿ.ಮೀ. ಒಳಗಿನ ಹಲ್ಲನ್ನು ಹಾಗೇ ಬಿಡಬಹುದು, ನಾಲ್ಕಾರು ಸಾಣೆಯಲ್ಲಿ ತಾನೇ ಹೋಗುತ್ತೆ. ನಿಮ್ಮದು ಒಂದು ಮಿ.ಮೀ., ತೆಗೀಬೇಕು.

220ರಿಂದ 400 ಗ್ರಿಟ್ ಒರಟು ಕಲ್ಲು ಬೇಕು, ಇಲ್ಲಿ ಹಾರ್ಡ್‌ವೇರ್ ಅಂಗಡಿಯ ಕಾರ್ಬೊರಂಡಂ ಕಲ್ಲು ಕೆಲಸಕ್ಕೆ ಬರುತ್ತೆ. ಚಾಕುವನ್ನು 45 ಡಿಗ್ರಿಗೆ ಎತ್ತಿ ಹಿಡಿದು, ಬಾಯಿ ಪೂರ್ತಿ ಉದ್ದಕ್ಕೂ ಸಮ ಸವೆಯುವಂತೆ ಉಜ್ಜಿ, ಎರಡೂ ಮಗ್ಗುಲು ಸರದಿಯಂತೆ. ಹಲ್ಲು ಇರೋ ಜಾಗದಲ್ಲಿ ಮಾತ್ರ ಉಜ್ಜಿದರೆ ಅಲ್ಲಿ ತಗ್ಗು ಬಿದ್ದು ಚೌಕಿಪೇಟೆಯವರು ಹೇಳಿದ ಸಂದು ಆಗುತ್ತೆ, ಈರುಳ್ಳಿ ಅಂಟಿಕೊಂಡೇ ಬರುತ್ತೆ. ನಡುನಡುವೆ ಮಣೆ ಮೇಲೆ ಇಟ್ಟು ಬೆಳಕಿಗೆ ಹಿಡಿದು ಮೊದಲಿನ ಬಾಗು ಉಳಿದಿದೆಯಾ ನೋಡಿ. ಹಲ್ಲು ಮಾಯ ಆದಾಗ ಬಾಯಿ ಪೂರ್ತಿ ಮೊಂಡಾಗಿ, ದಪ್ಪ ಗೆರೆಯಂತೆ ಹೊಳೆಯುತ್ತೆ. ಹೆದರಬೇಡಿ, ಹಾಗೇ ಆಗಬೇಕು.

ಇನ್ನು ಮೇಲೆ ಚಾಕುವನ್ನು ಇಳಿಸಿ, ಬೆನ್ನು 8 ಮಿ.ಮೀ. ಹತ್ತಿರ, ಅಂದರೆ ಸುಮಾರು 10 ಡಿಗ್ರಿಗೆ, ಬಾಯಿಯ ಹಿಂದಿನ ದಪ್ಪ ತೆಗೀರಿ. ಈ ಹಂತ ಬಿಟ್ಟರೆ ಚಾಕು ಹರಿತ ಆಗುತ್ತೆ, ಆದರೆ ಗಜ್ಜರಿ ಸೀಳುತ್ತೆ. ಹೊಳೆಯೋ ಗೆರೆ ಕೂದಲೆಳೆಯಷ್ಟು ಉಳಿದಾಗ ನಿಲ್ಲಿಸಿ, 1000 ಕಲ್ಲಿಗೆ ಬನ್ನಿ, ಅಲ್ಲಿಂದ ಮೇಲೆ ಬರೆದ ಕ್ರಮವೇ. ಹೊಸಬರಿಗೆ ಒಟ್ಟು ಒಂದು ಗಂಟೆ ಹಿಡಿಯಬಹುದು. ಒರಟು ಕಲ್ಲು ಬೇಗ ನಡುವೆ ತಗ್ಗಾಗುತ್ತೆ, ಮುಗಿದ ಮೇಲೆ ಒದ್ದೆ ಮಾಡಿದ ಚಪ್ಪಡಿ ಕಲ್ಲಿನ ಮೇಲೆ ಉಜ್ಜಿ ಸಮ ಮಾಡಿ ಇಡಿ.

ಬೆಲ್ಲದ ಅಚ್ಚಿಗೆ ಇನ್ನು ಕುಟ್ಟಾಣಿ ಇಟ್ಟುಕೊಳ್ಳಿ. ಚಾಕು ಬೆಲ್ಲದೊಳಗೆ ಇಳಿದು ಸಿಕ್ಕಿಕೊಳ್ಳುತ್ತೆ, ಬಿಡಿಸೋಕೆ ಅಂತ ಪಕ್ಕಕ್ಕೆ ತಿರುಚುತ್ತೀವಿ, ಹಲ್ಲು ಬೀಳೋದು ಆ ತಿರುಚಿದಾಗಲೇ.